ಹದಿನೈದು ದಾಟಿದ ಕ್ಯಾಲ್ಸಿಯಂ

ಮಗುವಿಗೆ ಕಾಲು ನೋವು ಎಂದರೆ ನಮ್ಮ ಕಡೆ ಮೊದಲು ಸಿಗುವ ಸಲಹೆ ಕ್ಯಾಲ್ಸಿಯಂ. ಬೆಳೆಯುವ ಪ್ರಾಯ, ಎಲುಬಿಗೆ ಬಲ ಸಾಲದು, ಎರಡು ಹೊತ್ತು ಹಾಲು ಕೊಡಿ, ರಾಗಿ ಮಣ್ಣಿ ಮಾಡಿ ಎಂದು ಹೇಳದ ನೆಂಟರಿಲ್ಲ. ಮಗಳಿಗೆ ಬೆನ್ನು ಮತ್ತು ತೊಡೆ ನೋಯಲು ತೊಡಗಿದಾಗ ಪೇಟೆಯ ಕ್ಲಿನಿಕ್ಕಿನಲ್ಲಿ ಬರೆದುಕೊಟ್ಟದ್ದೂ ಅದನ್ನೇ: ವಿಟಮಿನ್ ಡಿ ಸೇರಿದ ಕ್ಯಾಲ್ಸಿಯಂ ಸಿರಪ್, ರಾತ್ರಿ ಊಟದ ನಂತರ ಒಂದು ಚಮಚ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾಗುವುದೂ ಒಂದು ಕಾಯಿಲೆ, ಅದೂ ಜೀವ ತೆಗೆಯಬಲ್ಲ ಕಾಯಿಲೆ ಎಂಬುದು ಮನೆಯಲ್ಲಿ ಯಾರೂ ಕೇಳಿದ ಸಂಗತಿಯಾಗಿರಲಿಲ್ಲ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಸ್ವಲ್ಪ ಅಡಿಕೆ ತೋಟವಿದೆ, ನಾನು ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಮಗಳಿಗೆ ಆಗ ಎಂಟು ವರ್ಷ. ಓಣಂ ರಜೆ ಮುಗಿದ ಮೇಲೆ ಶುರುವಾದ ಬೆನ್ನು ನೋವಿನ ಹಿಂದೆಯೇ ಬೇರೆ ಬೇರೆ ಉಪದ್ರಗಳು ಒಂದೊಂದಾಗಿ ಬಂದವು. ಊಟ ಸೇರುವುದಿಲ್ಲ, ಬೆಳಿಗ್ಗೆ ವಾಂತಿ, ಮಲಬದ್ಧತೆ. ನೀರು ಮಾತ್ರ ಎಷ್ಟು ಕುಡಿದರೂ ಸಾಲದು. ಶಾಲೆಗೆ ಕೊಂಡೊಯ್ದ ಬಾಟಲಿ ಮೊದಲ ಪಿರಿಯಡ್ಡಿಗೇ ಖಾಲಿ. ವರ್ಷಗಳ ಹಿಂದೆಯೇ ನಿಂತುಹೋಗಿದ್ದ ಹಾಸಿಗೆ ಒದ್ದೆಯಾಗುವ ಅಭ್ಯಾಸ ಮರಳಿ ಬಂತು. ಹೆಂಡತಿಗೆ ಸಕ್ಕರೆ ಕಾಯಿಲೆಯ ಭಯ ಹುಟ್ಟಿತು. ಪರೀಕ್ಷೆ ಮಾಡಿಸಿದೆವು, ಸಕ್ಕರೆ ಸರಿ ಇತ್ತು. ಮೂತ್ರದಲ್ಲಿ ಸೋಂಕು ಇರಲಿಲ್ಲ. ರಕ್ತದ ಕಣಗಳ ಎಣಿಕೆಯಲ್ಲಿ ಹಿಮೋಗ್ಲೋಬಿನ್ ತುಸು ಕಡಿಮೆ ಎಂಬುದನ್ನು ಬಿಟ್ಟರೆ ಬೇರೇನೂ ಇಲ್ಲ. ಹುಳದ ಮಾತ್ರೆ, ಗ್ಯಾಸಿನ ಮಾತ್ರೆ, ಮಲ ಸಡಿಲವಾಗುವ ಔಷಧ, ಹೀಗೆ ಒಂದೊಂದು ತೊಂದರೆಗೆ ಒಂದೊಂದು ಬಾಟಲಿ ಬಂದು ಕಪಾಟಿನಲ್ಲಿ ಸಾಲಾಗಿ ನಿಂತವು. ಎಲ್ಲ ತೊಂದರೆಗಳೂ ಒಂದೇ ಬೇರಿನವು ಎಂದು ಹೇಳುವವರು ಸಿಗಲಿಲ್ಲ.

ನನ್ನನ್ನು ಹೆದರಿಸಿದ್ದು ವಾಂತಿಯಲ್ಲ, ಮಗ್ಗಿ. ಮಗಳಿಗೆ ಮಗ್ಗಿ ಬಾಯಿಪಾಠ. ಸ್ಕೂಟರಿನಲ್ಲಿ ಹೋಗುವಾಗ ನಾನು ಕೇಳುವುದು, ಅವಳು ಹೇಳುವುದು ನಮ್ಮ ರೂಢಿ. ಒಂದು ಸಂಜೆ, ಸುಮ್ಮನೆ ಗೋಡೆ ನೋಡುತ್ತ ಮಲಗಿದ್ದವಳನ್ನು ಏಳಿಸುವುದಕ್ಕಾಗಿ ಏಳೆಂಟಲಿ ಎಷ್ಟು ಎಂದು ಕೇಳಿದೆ. ಬಹಳ ಹೊತ್ತು ನನ್ನ ಮುಖ ನೋಡಿ, "ಅಜ್ಜಿ ಬಂದರಾ?" ಎಂದಳು. ಅಜ್ಜಿ ಪಕ್ಕದಲ್ಲೇ ಕುಳಿತು ಅವಳ ಕಾಲು ತಿಕ್ಕುತ್ತಿದ್ದರು.

ಮರುದಿನ ಕಾಸರಗೋಡಿನಲ್ಲಿ ತೋರಿಸಿದ ಮಕ್ಕಳ ವೈದ್ಯರು ಕಿರಿಯರು. ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ಓದಿ, ಕಿಡ್ನಿಯ ಪರೀಕ್ಷೆಯ ಜೊತೆಗೆ ಕ್ಯಾಲ್ಸಿಯಂ ಮತ್ತು ಆಲ್ಬುಮಿನ್ ಎಂದು ಬರೆದರು. ನೀರಡಿಕೆ, ಹೆಚ್ಚು ಮೂತ್ರ, ಮಲಬದ್ಧತೆ, ಮಂಪರು, ಎಲುಬು ನೋವು, ಇವಿಷ್ಟೂ ಒಟ್ಟಿಗೆ ಇದ್ದರೆ ಕ್ಯಾಲ್ಸಿಯಂ ನೋಡಲೇಬೇಕು ಎಂದರು. ಸಾಮಾನ್ಯ ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಅದು ಬರುವುದಿಲ್ಲ, ಬರೆದರೆ ಮಾತ್ರ ಮಾಡುತ್ತಾರೆ. ಸಂಜೆ ಮನೆಗೆ ಫೋನ್ ಬಂತು. "ನಾಳೆ ಬೆಳಿಗ್ಗೆ ಅಲ್ಲ, ಈಗಲೇ ಮಂಗಳೂರಿಗೆ ಹೊರಡಿ. ಆ ಸಿರಪ್ ಇನ್ನು ಒಂದು ಹನಿ ಕೊಡಬೇಡಿ."

ಕಾಸರಗೋಡಿನ ಉತ್ತರ ಭಾಗದವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ತಲಶ್ಶೇರಿಯಲ್ಲಿ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ತಿರುವನಂತಪುರದಲ್ಲಿ ರೀಜನಲ್ ಕ್ಯಾನ್ಸರ್ ಸೆಂಟರ್ ಇದೆ, ಆದರೆ ರಾತ್ರಿ ಹೊತ್ತು ತುರ್ತಿಗೆ ಗಾಡಿಯ ಮೂತಿ ತಿರುಗುವುದು ಉತ್ತರಕ್ಕೇ. 2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಇಲ್ಲಿನ ರೋಗಿಗಳು ದಾರಿಯಲ್ಲೇ ಪ್ರಾಣ ಬಿಟ್ಟದ್ದು ನಮಗೆ ಯಾರಿಗೂ ಮರೆತಿಲ್ಲ. ಈ ಸಲ ಗಡಿ ತೆರೆದಿತ್ತು. ಸೀತಾಂಗೋಳಿ, ಕುಂಬಳೆ, ಉಪ್ಪಳ ದಾಟಿ ಹೋಗುವಷ್ಟರಲ್ಲಿ ಮಗಳು ಎರಡು ಸಲ ವಾಂತಿ ಮಾಡಿದಳು, ಮೂರನೆಯ ಬಾಟಲಿ ನೀರು ಕೇಳಿದಳು. ಹೊಟ್ಟೆಯಲ್ಲಿ ನಿಲ್ಲುವುದಿಲ್ಲವೆಂದು ಕೊಡದೇ ಇರಬೇಕೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಕುಡಿದಷ್ಟು ಕೊಡಿ, ತಡೆಯಬೇಡಿ ಎಂದರು.

ಆಸ್ಪತ್ರೆಯಲ್ಲಿ ಮೊದಲು ಮಾಡಿದ ಕೆಲಸ ಮತ್ತೊಮ್ಮೆ ರಕ್ತ ತೆಗೆದದ್ದು. ದಾದಿ ರಬ್ಬರ್ ಪಟ್ಟಿ ಬಿಗಿಯಲು ಹೊರಟಾಗ ವೈದ್ಯೆ ತಡೆದರು. ಪಟ್ಟಿಯನ್ನು ಬಿಗಿಯಾಗಿ ಕಟ್ಟಿ ಬಹಳ ಹೊತ್ತು ಇಟ್ಟರೆ ಅಲ್ಲಿನ ರಕ್ತ ಗಟ್ಟಿಯಾಗಿ ಕ್ಯಾಲ್ಸಿಯಂ ಇರುವುದಕ್ಕಿಂತ ಹೆಚ್ಚು ಕಾಣಿಸುತ್ತದಂತೆ. ಪಟ್ಟಿ ಇಲ್ಲದೆ, ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ನರ ಉಬ್ಬುವವರೆಗೆ ಕಾದು ತೆಗೆದರು. ಫಲಿತಾಂಶ 14.6. ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಮಕ್ಕಳಲ್ಲಿ ಇರಬೇಕಾದದ್ದು ಹೆಚ್ಚೆಂದರೆ ಹತ್ತೂವರೆಯ ಆಸುಪಾಸು. ಅಷ್ಟಕ್ಕೇ ಮುಗಿಯಲಿಲ್ಲ. ರಕ್ತದಲ್ಲಿನ ಕ್ಯಾಲ್ಸಿಯಂನ ಸುಮಾರು ಅರ್ಧ ಭಾಗ ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಕಡಿಮೆ ಇದ್ದರೆ ಒಟ್ಟು ಅಂಕಿ ಮೋಸ ಮಾಡುತ್ತದೆ. ಆಲ್ಬುಮಿನ್ 4ರಿಂದ ಎಷ್ಟು ಗ್ರಾಂ ಕೆಳಗಿದೆಯೋ ಅದನ್ನು 0.8ರಿಂದ ಗುಣಿಸಿ ಕೂಡಿಸಬೇಕು. ಮಗಳದ್ದು 3.2. ವೈದ್ಯೆ ಹೇಳಿ ಮುಗಿಸುವ ಮೊದಲೇ ನಾನು ಪ್ರವೇಶ ಚೀಟಿಯ ಹಿಂದೆ ಲೆಕ್ಕ ಮಾಡಿ ಆಗಿತ್ತು: 15.24. ಗಣಿತ ಮೇಷ್ಟ್ರಿಗೆ ಆ ಹೊತ್ತಿನಲ್ಲೂ ಲೆಕ್ಕ ಬಿಡದು. ಹದಿನಾಲ್ಕರ ಮೇಲೆ ಹೋದರೆ ತೀವ್ರ ಎಂದೇ ಎಣಿಕೆ. ಅಂಟಿಕೊಳ್ಳದ, ಬಿಡಿಯಾದ ಕ್ಯಾಲ್ಸಿಯಂ ಅನ್ನೂ ಬೇರೆ ಯಂತ್ರದಲ್ಲಿ ನೋಡಿದರು, ಅದೂ ಏರಿತ್ತು. ಕಿಡ್ನಿಯ ಕೆಲಸ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ 1.1. ದೊಡ್ಡವರಿಗೆ ಅದು ಸರಿ, ಎಂಟು ವರ್ಷದ ಮಗುವಿಗೆ ಕಿಡ್ನಿ ಬಳಲಿದೆ ಎಂದರ್ಥ. ಇಸಿಜಿಯಲ್ಲಿ ಒಂದು ಅಂತರ ಗಿಡ್ಡವಾಗಿದೆ ಎಂದು ಬೆರಳಿಟ್ಟು ತೋರಿಸಿ, ಎದೆಗೆ ಮಾನಿಟರ್ ಹಚ್ಚಿದರು.

ಚಿಕಿತ್ಸೆ ಏನು ಎಂದು ಕೇಳಿದೆ. ನೀರು ಎಂದರು.

ದೊಡ್ಡ ಹೆಸರಿನ ಔಷಧವನ್ನು ನಿರೀಕ್ಷಿಸಿದವನಿಗೆ ಇದು ತೀರಾ ಸಪ್ಪೆ ಉತ್ತರವಾಗಿ ಕೇಳಿಸಿತು. ವೈದ್ಯೆ ಹೊತ್ತು ಕೊಟ್ಟು ವಿವರಿಸಿದರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಕಿಡ್ನಿಗೆ ನೀರನ್ನು ಹಿಡಿದಿಡುವ ಶಕ್ತಿ ಹೋಗುತ್ತದೆ, ನೀರೆಲ್ಲ ಮೂತ್ರವಾಗಿ ಹರಿಯುತ್ತದೆ. ಅದಕ್ಕೇ ಆ ದಾಹ, ಅದಕ್ಕೇ ಒದ್ದೆ ಹಾಸಿಗೆ. ಮೇಲಿಂದ ವಾಂತಿ. ಮೈ ಒಣಗಿದಷ್ಟೂ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗಿ, ಹೊರಗೆ ಹೋಗಬೇಕಾದ ಕ್ಯಾಲ್ಸಿಯಂ ಒಳಗೇ ಉಳಿಯುತ್ತದೆ. ಉಳಿದ ಕ್ಯಾಲ್ಸಿಯಂ ಇನ್ನಷ್ಟು ನೀರನ್ನು ಹೊರದೂಡುತ್ತದೆ. ಈ ಸುತ್ತನ್ನು ಮುರಿಯಲು ಉಪ್ಪು ನೀರೇ ಬೇಕು: ಲೀಟರಿಗೆ 9 ಗ್ರಾಂ ಉಪ್ಪಿರುವ ಸಾಮಾನ್ಯ ಸಲೈನ್. ಉಪ್ಪು ಮೂತ್ರದಲ್ಲಿ ಹೋಗುವಾಗ ಕ್ಯಾಲ್ಸಿಯಂ ಅನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಮೊದಲು ಒಣಗಿದ ಮೈಗೆ ಕಿಲೋಗೆ 20 ಮಿಲಿಲೀಟರಿನಂತೆ ಬೇಗನೆ ಕೊಟ್ಟರು. ಮಗಳ ತೂಕ 22 ಕಿಲೋ. ಆಮೇಲೆ ಮೈಯ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 3 ಲೀಟರಿನ ಲೆಕ್ಕ, ಅವಳಿಗೆ ಎರಡೂವರೆ ಲೀಟರಿನ ಮೇಲೆ. ಆ ತೂಕದ ಮಗುವಿಗೆ ಸಾಮಾನ್ಯ ದಿನಗಳಲ್ಲಿ ಒಂದೂವರೆ ಲೀಟರ್ ಸಾಕು.

ಹೀಗೆ ಆ ವಾರ್ಡಿನಲ್ಲಿ ನನಗೆ ಸಿಕ್ಕ ಉದ್ಯೋಗ ಮೂತ್ರ ಅಳೆಯುವುದು. ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಜಗ್, ದಾರಕ್ಕೆ ಕಟ್ಟಿದ ಪೆನ್ನು, ಮಂಚದ ಕಾಲ ಬಳಿ ನೇತಾಡುವ ರಟ್ಟು. ಎಡಗಡೆ ಒಳಗೆ ಹೋದದ್ದು, ಬಲಗಡೆ ಹೊರಗೆ ಬಂದದ್ದು, ಹಾಲಿನ ಸೊಸೈಟಿಯ ಪುಸ್ತಕದ ಹಾಗೆ. ಗಂಜಿ ತಿಳಿ ಎರಡು ಚಮಚ ಕುಡಿದರೂ ಎಡಗಡೆ ಬರೆಯಬೇಕು, ವಾಂತಿಯನ್ನು ಟ್ರೇಯಲ್ಲಿ ಹಿಡಿದು ಅಳೆದು ಬಲಗಡೆ ಬರೆಯಬೇಕು. ಮಂಪರಿನಲ್ಲಿ ಏಳಲಾರದ ರಾತ್ರಿಗಳಲ್ಲಿ ಡಯಪರ್ ಕಟ್ಟುತ್ತಿದ್ದೆವು. ಒಣ ಡಯಪರಿನ ತೂಕವನ್ನು ಮೊದಲೇ ಬರೆದಿಟ್ಟು, ಒದ್ದೆಯಾದದ್ದನ್ನು ಅಡಿಗೆಮನೆಯ ತಕ್ಕಡಿಯಂಥದ್ದರಲ್ಲಿ ತೂಗಿ ಕಳೆಯುವುದು. ಒಂದು ಗ್ರಾಂ ಹೆಚ್ಚಿದರೆ ಒಂದು ಮಿಲಿಲೀಟರ್. ಬೆಳಗಿನ ಜಾವ ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ನಡುವಿನ ಅಂತರ ಬೆಳೆಯುತ್ತಿದೆ ಎಂದು ಕಂಡರೆ ದಾದಿಯನ್ನು ಎಬ್ಬಿಸುವ ಅಧಿಕಾರವನ್ನು ವೈದ್ಯೆ ನನಗೆ ಬಾಯಿಮಾತಿನಲ್ಲಿ ಕೊಟ್ಟಿದ್ದರು. ಅದನ್ನು ಚೆನ್ನಾಗಿಯೇ ಬಳಸಿದೆ. ಕೆಲವರಿಗೆ ನನ್ನ ಮೇಲೆ ಸಿಟ್ಟಿತ್ತು. ದಿನಾ ಬೆಳಿಗ್ಗೆ ತೂಕ, ಕಣ್ಣರೆಪ್ಪೆಯ ಬಾವು, ಉಸಿರಾಟದ ಎಣಿಕೆ, ದಿನಕ್ಕೆ ಹಲವು ಸಲ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ. ಅಷ್ಟು ನೀರು ಹರಿದಾಗ ಅವೂ ಜೊತೆಗೆ ಕೊಚ್ಚಿಹೋಗುತ್ತವೆ.

ನನ್ನ ಸೋದರತ್ತೆಯ ಮಗಳು ಗಲ್ಫಿನಲ್ಲಿ ದಾದಿ. ಕಾಸರಗೋಡಿನ ಯಾವ ಮನೆಗೆ ತಾನೇ ಗಲ್ಫಿನಿಂದ ಸಲಹೆ ಬರುವುದಿಲ್ಲ! ಅವಳ ಧ್ವನಿ ಸಂದೇಶ ಬಂತು: ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಯಾಕೆ ಕೊಡುತ್ತಿಲ್ಲ, ನಾವು ಕಲಿಯುವಾಗ ಅದೇ ಮೊದಲ ಪಾಠವಾಗಿತ್ತು. ನಾನು ಅದನ್ನು ವೈದ್ಯೆಗೆ ಹೇಳಿದೆ. ಅವರು ನಕ್ಕು, ಅವಳು ಹೇಳಿದ್ದು ಸುಳ್ಳಲ್ಲ, ಹಳೆಯ ಪುಸ್ತಕಗಳಲ್ಲಿ ಹಾಗೆಯೇ ಇತ್ತು ಎಂದರು. ಮೈ ಒಣಗಿರುವಾಗ ಅದನ್ನು ಕೊಟ್ಟರೆ ಇನ್ನಷ್ಟು ಒಣಗಿ ಕ್ಯಾಲ್ಸಿಯಂ ಏರುವುದೇ ಹೆಚ್ಚು. ನೀರು ತುಂಬಿ, ಮೈಯಲ್ಲಿ ನಿಲ್ಲತೊಡಗಿದರೆ ಮಾತ್ರ ಈಗ ಅದರ ಕೆಲಸ. ಥಯಝೈಡ್ ಗುಂಪಿನ ಮೂತ್ರದ ಮಾತ್ರೆಗಳಂತೂ ಬೇಡವೇ ಬೇಡ, ಅವು ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತವೆ.

ನೀರು ಹೊತ್ತು ಗಳಿಸಿ ಕೊಡುತ್ತದೆ, ಕಾರಣವನ್ನು ನಿಲ್ಲಿಸುವುದಿಲ್ಲ. ಕಾರಣ ಎಲುಬಿನಲ್ಲಿತ್ತು. ಮೈಯ ಕ್ಯಾಲ್ಸಿಯಂನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಇರುವುದು ಎಲುಬು ಹಲ್ಲುಗಳಲ್ಲಿ. ಎಲುಬನ್ನು ಕರಗಿಸುವ ಕಣಗಳೂ ಕಟ್ಟುವ ಕಣಗಳೂ ನಮ್ಮೊಳಗೆ ಸದಾ ಕೆಲಸದಲ್ಲಿರುತ್ತವೆ. ಕೆಲವು ಕ್ಯಾನ್ಸರುಗಳು, ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಸುರಿಸುವ, ರಕ್ತದ ಕ್ಯಾಲ್ಸಿಯಂ ಏರಿಸುವ ಹಾರ್ಮೋನನ್ನು ಹೋಲುವ ಒಂದು ಪ್ರೋಟೀನನ್ನೋ ಬೇರೆ ರಾಸಾಯನಿಕಗಳನ್ನೋ ಸುರಿಸಿ, ಕರಗಿಸುವವರನ್ನು ಹುರಿದುಂಬಿಸುತ್ತವೆ. ಮಗಳ ನಿಜವಾದ ಪ್ಯಾರಾಥೈರಾಯ್ಡ್ ಹಾರ್ಮೋನ್ ತೀರಾ ತಗ್ಗಿತ್ತು. ಅಂದರೆ ಆ ಗ್ರಂಥಿಯ ತಪ್ಪಲ್ಲ, ಕ್ಯಾಲ್ಸಿಯಂ ಸಾಕೆಂದು ಅದು ಕೈಕಟ್ಟಿ ಕುಳಿತಿದೆ. ಬೆನ್ನಿನ ಎಕ್ಸ್‌ರೇಯಲ್ಲಿ ಎರಡು ಕಶೇರುಕಗಳು ಚಪ್ಪಟೆಯಾಗಿದ್ದವು, ತಲೆಬುರುಡೆಯಲ್ಲಿ ಸಣ್ಣ ಸಣ್ಣ ತೂತುಗಳಂಥ ಕಲೆಗಳು. ದೊಡ್ಡವರ ಕ್ಯಾನ್ಸರಿನಲ್ಲಿ ಕ್ಯಾಲ್ಸಿಯಂ ಏರುವುದು ಮಾಮೂಲು. ಮಕ್ಕಳಲ್ಲಿ ನೂರರಲ್ಲಿ ಒಬ್ಬರಿಗೆ ಬಂದರೆ ಹೆಚ್ಚು. ಅದಕ್ಕೇ ಅದು ಯಾರ ತಲೆಗೂ ಬೇಗ ಹೊಳೆಯುವುದಿಲ್ಲ. ರಕ್ತದ ಕ್ಯಾನ್ಸರ್ ಹೀಗೆ ಶುರುವಾಗುವ ಮಕ್ಕಳಲ್ಲಿ ರಕ್ತದ ಎಣಿಕೆ ಸರಿಯಾಗಿಯೇ ಕಾಣುವುದುಂಟು, ರೋಗದ ಕಣಗಳು ಎಲುಬಿನೊಳಗೆ ರಕ್ತ ತಯಾರಾಗುವ ಮಜ್ಜೆಯಲ್ಲಿ ತುಂಬಿದ್ದರೂ ಹೊರಗಿನ ರಕ್ತದಲ್ಲಿ ಕಾಣದೇ ಇರಬಹುದು ಎಂದರು. ನಾನು ಸಿರಪ್ಪಿನ ಬಗ್ಗೆ ಕೇಳಿದೆ. ಒಂದು ಚಮಚ ಸಿರಪ್ಪಿನಿಂದ ಯಾರ ಕ್ಯಾಲ್ಸಿಯಂ ಹದಿನೈದಕ್ಕೆ ಏರುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರು.

ಕರಗಿಸುವ ಕಣಗಳ ಕೈ ಕಟ್ಟಿಹಾಕಲು ಎರಡು ಔಷಧಗಳು. ಒಂದು ಪಾಮಿಡ್ರೊನೇಟ್, ಕಿಲೋಗೆ ಅರ್ಧದಿಂದ ಒಂದು ಮಿಲಿಗ್ರಾಂ, ಸಲೈನಿನಲ್ಲಿ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ. ಕೆಲವು ಕಡೆ ಇದರ ಬದಲು ಝೊಲೆಡ್ರೊನಿಕ್ ಆಮ್ಲ ಕೊಡುತ್ತಾರೆ. ಮಗಳ ಕಿಡ್ನಿ ಬಳಲಿದ್ದರಿಂದ ಮೊದಲು ನೀರು ತುಂಬಿಸಿ, ಮೂತ್ರ ಸರಿಯಾಗಿ ಬರುವುದನ್ನು ನೋಡಿಯೇ ಅದನ್ನು ಏರಿಸಿದರು. ಆದರೆ ಅದು ಪೂರ್ತಿ ಕೆಲಸ ಮಾಡಲು ಎರಡು ಮೂರು ದಿನಗಳಾದರೂ ಬೇಕು. ಅಲ್ಲಿಯವರೆಗೆ ಕೈ ಹಿಡಿಯುವುದು ಕ್ಯಾಲ್ಸಿಟೋನಿನ್. ಇದು ನಾಲ್ಕಾರು ಗಂಟೆಗಳಲ್ಲೇ ಇಳಿಸುತ್ತದೆ, ಆದರೆ ಎರಡು ದಿನಗಳಲ್ಲಿ ಮೈಗೆ ಅಭ್ಯಾಸವಾಗಿ ಪರಿಣಾಮ ಕುಗ್ಗುತ್ತದೆ. ಒಬ್ಬ ಓಡಿ ಬಂದು ಸುಸ್ತಾಗುವವನು, ಇನ್ನೊಬ್ಬ ತಡವಾಗಿ ಬಂದು ನಿಲ್ಲುವವನು. ಇಬ್ಬರನ್ನೂ ಒಟ್ಟಿಗೆ ಕರೆಯಬೇಕು.

ಆಸ್ಪತ್ರೆಯ ಔಷಧಾಲಯದಲ್ಲಿ ಆ ರಾತ್ರಿ ಕ್ಯಾಲ್ಸಿಟೋನಿನ್ ಇರಲಿಲ್ಲ. ಚೀಟಿ ಹಿಡಿದು ಹೊರಟೆ. ಅದನ್ನು ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇಡಬೇಕು. ಎರಡು ಅಂಗಡಿಗಳಲ್ಲಿ ಇಲ್ಲ, ಮೂರನೆಯದರಲ್ಲಿ ಮೂಗಿಗೆ ಸಿಂಪಡಿಸುವ ಬಗೆ ಇದೆ, ಚುಚ್ಚುವುದು ಇಲ್ಲ. ಕೊನೆಗೆ ಸಗಟು ವ್ಯಾಪಾರಿಯೊಬ್ಬರು ಗೋದಾಮು ತೆಗೆಸಿ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪೊಟ್ಟಣಗಳ ನಡುವೆ ಆಂಪೂಲುಗಳನ್ನಿಟ್ಟು, ಐಸ್ ತಾಗಿ ಹೆಪ್ಪುಗಟ್ಟದ ಹಾಗೆ ಹತ್ತಿ ಸುತ್ತಿ ಕೊಟ್ಟರು. ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಕಿಲೋಗೆ ನಾಲ್ಕು ಯೂನಿಟ್, ಹನ್ನೆರಡು ಗಂಟೆಗೊಮ್ಮೆ, ಚರ್ಮದ ಅಡಿಗೆ. ಪೆಟ್ಟಿಗೆಯ ಮೇಲೆ ಸಾಲ್ಮನ್ ಎಂದು ಬರೆದಿತ್ತು. ಸಾಲ್ಮನ್ ಮೀನಿನ ಕ್ಯಾಲ್ಸಿಟೋನಿನ್ ಮನುಷ್ಯರದ್ದಕ್ಕಿಂತ ಬಲವಾದದ್ದಂತೆ. ಹೆಂಡತಿ ಇದನ್ನು ಫೋನಿನಲ್ಲಿ ಹೇಳಿಬಿಟ್ಟಳು. ಮನೆಯೊಳಗೆ ಮೀನಿನ ವಾಸನೆ ಸುಳಿಯದಂತೆ ಎಪ್ಪತ್ತು ವರ್ಷ ಕಾದುಕೊಂಡು ಬಂದ ನನ್ನ ಅಮ್ಮ ಆಚೆಯಿಂದ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪ್ರಯೋಗಾಲಯದಲ್ಲಿ ತಯಾರಿಸಿದ್ದು, ಮೀನನ್ನು ಮುಟ್ಟಿಲ್ಲ ಎಂದು ನಾನು ಸಮಜಾಯಿಷಿ ಕೊಡಲು ಹೊರಟರೆ, "ಅದೆಲ್ಲ ಯಾಕೆ ಈಗ, ಬೇಗ ಚುಚ್ಚಿಸು" ಎಂದು ಬೈದರು.

ಮರುದಿನ ಮಧ್ಯಾಹ್ನ 13.1. ಆಮೇಲೆ 11.8. ಈ ನಡುವೆ ಎಲ್ಲಕ್ಕಿಂತ ಕಷ್ಟವಾದದ್ದು ಕೈಯಲ್ಲಿದ್ದ ಔಷಧವನ್ನು ಕೊಡದೆ ಕಾಯುವುದು. ಸ್ಟೀರಾಯ್ಡ್ ವೈದ್ಯೆಗೆ ಅನುಮಾನವಿದ್ದ ರಕ್ತದ ಕ್ಯಾನ್ಸರಿಗೂ ಔಷಧ, ಏರಿದ ಕ್ಯಾಲ್ಸಿಯಂಗೂ ಔಷಧ. ಅಗ್ಗದ್ದು, ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ಹಾಗಿದ್ದರೆ ಈಗಲೇ ಯಾಕೆ ಕೊಡಬಾರದು ಎಂದು ನಾನು ಏರುದನಿಯಲ್ಲೇ ಕೇಳಿದೆ. ಮಜ್ಜೆಯ ಪರೀಕ್ಷೆಗೆ ಮೊದಲು ಸ್ಟೀರಾಯ್ಡ್ ಬಿದ್ದರೆ ರೋಗದ ಕಣಗಳು ತಾತ್ಕಾಲಿಕವಾಗಿ ಕರಗಿ, ಯಾವ ಕ್ಯಾನ್ಸರ್, ಯಾವ ಉಪಜಾತಿ, ಎಷ್ಟು ಗಡುಸು ಎಂಬುದನ್ನು ಹೇಳುವುದೇ ಕಷ್ಟವಾಗುತ್ತದೆ. ಆಮೇಲೆ ಎರಡು ಮೂರು ವರ್ಷ ನಡೆಯುವ ಚಿಕಿತ್ಸೆಯೆಲ್ಲ ಆ ಒಂದು ಉತ್ತರದ ಮೇಲೆ ನಿಂತಿರುತ್ತದೆ. ಇತ್ತ ಕ್ಯಾಲ್ಸಿಯಂ ಹದಿನೈದಿರುವಾಗ ಅರಿವಳಿಕೆ ಕೊಟ್ಟು ಮಜ್ಜೆ ತೆಗೆಯುವುದು ಹೃದಯಕ್ಕೆ ಅಪಾಯ. ಆದ್ದರಿಂದ ಮೊದಲು ಇಳಿಸಬೇಕು, ಆಮೇಲೆ ತೆಗೆಯಬೇಕು, ಅದಾದ ಮೇಲೆಯೇ ಸ್ಟೀರಾಯ್ಡ್. ಈ ಸರದಿಯನ್ನು ಯಾವ ಒತ್ತಡಕ್ಕೂ ತಪ್ಪಿಸದೆ ಹಿಡಿದು ನಿಂತದ್ದಕ್ಕೆ ನಾನು ಆ ವೈದ್ಯೆಗೆ ಋಣಿ. ಅಂದು ಅವರ ಮೇಲೆ ನನಗೆ ಬಂದ ಸಿಟ್ಟು ಮಾತ್ರ ಸಣ್ಣದಾಗಿರಲಿಲ್ಲ.

ಕ್ಯಾಲ್ಸಿಯಂ ಇಳಿದಂತೆ ಮಗಳು ಮರಳಿದಳು. ಒಂದು ಬೆಳಿಗ್ಗೆ ರಟ್ಟಿನಲ್ಲಿ ಅಂಕಿ ಬರೆಯುತ್ತಿದ್ದೆ. ಹಿಂದಿನಿಂದ, "ಅಪ್ಪಾ, 350ಕ್ಕೆ 280 ಕೂಡಿಸಿದರೆ 620 ಅಲ್ಲ" ಎಂದಳು. ನಾನು ರಾತ್ರಿಯ ನಿದ್ದೆಗಣ್ಣಿನಲ್ಲಿ ತಪ್ಪು ಕೂಡಿಸಿದ್ದೆ. ಏಳೆಂಟಲಿ ಎಷ್ಟು ಎಂದು ಕೇಳಿದರೆ, "ಐವತ್ತಾರು, ನನಗೆ ದೋಸೆ ಬೇಕು" ಎಂದಳು.

ಮಜ್ಜೆಯ ಉತ್ತರ ಬಂತು: ಬಿ ಕಣಗಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ನಾವು ಅಷ್ಟರಲ್ಲಿ ಆ ಹೆಸರಿಗೆ ಸಿದ್ಧರಾಗಿದ್ದೆವು ಎಂದು ಬೇರೆಯವರಿಗೆ ಹೇಳುತ್ತೇವೆ. ಅಂದೇ ಸಂಜೆ ಸ್ಟೀರಾಯ್ಡ್ ಶುರುವಾಯಿತು, ಜೊತೆಗೆ ಯೂರಿಕ್ ಆಮ್ಲ ಏರದಂತೆ ಅಲೊಪ್ಯೂರಿನಾಲ್. ಪಾಮಿಡ್ರೊನೇಟ್ ಕೊಟ್ಟ ಮರುದಿನ ನೂರೊಂದರ ಮೇಲೆ ಜ್ವರ ಬಂದಿತ್ತು. ಆ ಔಷಧಕ್ಕೆ ಮೊದಲ ಸಲ ಹೀಗೆ ಜ್ವರ ಬರುವುದು ಗೊತ್ತಿದ್ದದ್ದೇ. ಆದರೂ ಇಂಥ ಮಗುವಿನಲ್ಲಿ ಹಾಗೆಂದು ನಂಬಿ ಕೂರಲಾಗದು ಎಂದು ರೋಗಾಣು ಬೆಳೆಯುತ್ತದೋ ಎಂದು ನೋಡಲು ರಕ್ತವನ್ನು ಕಲ್ಚರಿಗೆ ಕಳಿಸಿ ಪ್ರತಿಜೀವಕ ಹಾಕಿದ್ದರು.

ಕ್ಯಾಲ್ಸಿಯಂ ಹತ್ತರ ಒಳಗೆ ಬಂದಾಗ ನಾನು ನೆಂಟರಿಗೆಲ್ಲ ಸಂದೇಶ ಕಳಿಸಿದೆ. ಅದಕ್ಕೆ ಉತ್ತರಗಳು ಬರುತ್ತಿರುವಾಗಲೇ ಅದು ಕೆಳಗೂ ಇಳಿಯಿತು. ಒಂದು ಮಧ್ಯಾಹ್ನ ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ ಎಂದಳು. ದಾದಿ ರಕ್ತದೊತ್ತಡ ನೋಡಲು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಒಂದೆರಡು ನಿಮಿಷದಲ್ಲಿ ಮಣಿಕಟ್ಟು ತಾನಾಗಿಯೇ ಮಡಚಿತು, ಬೆರಳುಗಳು ನೆಟ್ಟಗೆ ಒಟ್ಟುಗೂಡಿದವು, ಹೆಬ್ಬೆರಳು ಅಂಗೈಯೊಳಗೆ ಬಂತು. ಮಗಳು ತನ್ನ ಕೈಯನ್ನೇ ಬೇರೆಯವರದ್ದೆಂಬಂತೆ ನೋಡಿದಳು. ಕ್ಯಾಲ್ಸಿಯಂ 7.1. ಎಲುಬಿನ ಬಾಗಿಲನ್ನು ಪಾಮಿಡ್ರೊನೇಟ್ ಮುಚ್ಚಿತ್ತು. ಇತ್ತ ಚಿಕಿತ್ಸೆಗೆ ಒಡೆದ ಕ್ಯಾನ್ಸರ್ ಕಣಗಳಿಂದ ರಂಜಕ ಹೊರಬಿದ್ದು ಇದ್ದ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕಿತ್ತು. ರಂಜಕ ಹೆಚ್ಚಿರುವಾಗ ಕ್ಯಾಲ್ಸಿಯಂ ಕೊಟ್ಟರೆ ಎರಡೂ ಸೇರಿ ಕಿಡ್ನಿಯಲ್ಲಿ ಹರಳುಗಟ್ಟಬಹುದು, ಅದಕ್ಕೆ ಬರಿಯ ಅಂಕಿ ನೋಡಿ ಕೊಡುವುದಿಲ್ಲ. ಕೈ ಸೆಟೆದದ್ದರಿಂದ ಕೊಡಲೇಬೇಕಾಯಿತು. ಮಾನಿಟರಿನ ಮೇಲೆ ಒಂದು ಕಣ್ಣು, ಸೂಜಿ ಚುಚ್ಚಿದ ಜಾಗದ ಮೇಲೆ ಒಂದು ಕಣ್ಣು ಇಟ್ಟುಕೊಂಡು ಕಿರಿಯ ವೈದ್ಯರೊಬ್ಬರು ಕ್ಯಾಲ್ಸಿಯಂ ಗ್ಲುಕೋನೇಟನ್ನು ತೀರಾ ನಿಧಾನವಾಗಿ ಏರಿಸಿದರು. ನರದಿಂದ ಹೊರಗೆ ಸೋರಿದರೆ ಚರ್ಮ ಸುಡುತ್ತದಂತೆ. ಯಾವುದನ್ನು ಇಳಿಸಲು ಅಷ್ಟು ಹೆಣಗಿದ್ದೆವೋ ಅದನ್ನೇ ಸಿರಿಂಜಿನಲ್ಲಿ ಕೊಡುವುದನ್ನು ನೋಡುತ್ತ ಹೆಂಡತಿಗೆ ನಗು ಬಂತು, ನನಗೆ ಬರಲಿಲ್ಲ.

ಊರಿನಿಂದ ನೋಡಲು ಬಂದವರ ಕೈಯಲ್ಲಿ ರಾಗಿ ಹುಡಿ, ಎಳ್ಳುಂಡೆ, ಹಾಲಿನ ಹುಡಿಯ ಡಬ್ಬಿ. ಆಹಾರದ ವಿಷಯದಲ್ಲಿ ನಮಗೆ ಸಿಕ್ಕ ಸೂಚನೆ ಸರಳ: ಎಲುಬು ಕರಗಿ ಏರಿದ ಕ್ಯಾಲ್ಸಿಯಂಗೆ ಒಂದು ಲೋಟ ಹಾಲು ಕಾರಣವೂ ಅಲ್ಲ, ಅದನ್ನು ಬಿಡುವುದು ಮದ್ದೂ ಅಲ್ಲ. ಮಾತ್ರೆ, ಸಿರಪ್, ವಿಟಮಿನ್ ಡಿ ಮಾತ್ರ ಸಂಪೂರ್ಣ ನಿಲ್ಲಿಸಿ. ಮಗು ಏನು ತಿನ್ನುತ್ತದೋ ಅದನ್ನು ತಿನ್ನಲಿ. ಬಂದವರಿಗೆ ಇದನ್ನು ಒಪ್ಪಿಸುವುದು ನನ್ನಿಂದಾಗಲಿಲ್ಲ. ಕ್ಯಾಲ್ಸಿಯಂ ಹೆಚ್ಚಾಗಿದೆ ಎಂದರೆ, ಒಳ್ಳೆಯದೇ ಅಲ್ಲವಾ ಎನ್ನುತ್ತಿದ್ದರು.

ಬಂದವರೆಲ್ಲ ತಗ್ಗಿದ ದನಿಯಲ್ಲಿ ಕೇಳುತ್ತಿದ್ದ ಇನ್ನೊಂದು ಪ್ರಶ್ನೆ ಎಂಡೋಸಲ್ಫಾನ್ ಎಂಬ ಕೀಟನಾಶಕದ್ದು. ಕಾಸರಗೋಡಿನಲ್ಲಿ ಮಗುವಿಗೆ ಏನೇ ಆದರೂ ಆ ಪ್ರಶ್ನೆ ಬಂದೇ ಬರುತ್ತದೆ, ಬರುವುದು ಸಹಜವೂ ಹೌದು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದದ್ದನ್ನು ಕಣ್ಣಾರೆ ಕಂಡವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ತಡೆದ ಸುದ್ದಿಯನ್ನು ಶಾಲೆಯಲ್ಲಿ ಮಕ್ಕಳಿಗೆ ಓದಿ ಹೇಳಿದವನು ನಾನು. ನಮ್ಮ ಮನೆ ಆ ತೋಟಗಳ ಅಂಚಿನದ್ದಲ್ಲ, ಮಗಳು ಹುಟ್ಟಿದ್ದು ಎಷ್ಟೋ ವರ್ಷಗಳ ನಂತರ. ವೈದ್ಯೆಯನ್ನು ಕೇಳಿದಾಗ, ಒಂದು ಮಗುವಿನ ಲ್ಯುಕೇಮಿಯಾವನ್ನು ತೋರಿಸಿ ಇದಕ್ಕೆ ಇಂಥದ್ದೇ ಕಾರಣ ಎಂದು ಯಾವ ಪರೀಕ್ಷೆಯೂ ಹೇಳಲಾರದು ಎಂದರು. ಕೇಳಿದವರಿಗೆ ನಾನು ಅಷ್ಟನ್ನೇ ಹೇಳುತ್ತಿದ್ದೆ.

ಕೇರಳದ ಪಡಿತರ ಚೀಟಿ, ಕರ್ನಾಟಕದ ಆಸ್ಪತ್ರೆ, ಮಲಯಾಳದಲ್ಲಿರುವ ಆದಾಯ ಪ್ರಮಾಣಪತ್ರ, ಇವುಗಳ ಕಥೆ ಬೇರೆಯೇ ಇದೆ. ಗಡಿಯಲ್ಲಿ ಬದುಕುವವರಿಗೆ ಅದು ಹೊಸದಲ್ಲ, ಉಳಿದವರಿಗೆ ರುಚಿಸದು.

ಮುಂದಿನ ತಿಂಗಳುಗಳಲ್ಲಿ ಕೀಮೋಥೆರಪಿ ತನ್ನ ದಾರಿಯಲ್ಲಿ ನಡೆಯಿತು. ಕ್ಯಾಲ್ಸಿಯಂ ಮತ್ತೆ ಏರಲಿಲ್ಲ. ಪ್ರತಿ ಸುತ್ತಿನಲ್ಲೂ ನೋಡುತ್ತಾರೆ, ಯಾಕೆಂದರೆ ರೋಗ ಮರುಕಳಿಸಿದರೆ ಮೊದಲ ಸುಳಿವು ಅದೇ ಆಗಿರಬಹುದು. ಸ್ಕ್ಯಾನಿನಲ್ಲಿ ಕಿಡ್ನಿಯಲ್ಲಿ ಹರಳು ಕಾಣಲಿಲ್ಲ, ಕ್ರಿಯಾಟಿನಿನ್ 0.5ಕ್ಕೆ ಇಳಿಯಿತು. ಚಪ್ಪಟೆಯಾದ ಕಶೇರುಕಗಳಿಗಾಗಿ ಕೆಲವು ತಿಂಗಳು ಬೆಲ್ಟ್ ಕಟ್ಟಿದೆವು. ಮಲಗಿಯೇ ಇದ್ದರೆ ಎಲುಬು ಇನ್ನಷ್ಟು ಕರಗುತ್ತದೆ ಎಂದು ನೋವು ತಡೆದುಕೊಳ್ಳುವಷ್ಟು ನಡೆಸುತ್ತಿದ್ದರು. ವಾರ್ಡಿನ ಉದ್ದಕ್ಕೆ ಸ್ಟ್ಯಾಂಡು ತಳ್ಳಿಕೊಂಡು ಹೋಗಿ ಬರುವುದು, ಪ್ರತಿ ಮಂಚದವರನ್ನೂ ಮಾತಾಡಿಸುವುದು. ಸ್ಟೀರಾಯ್ಡಿನ ಸುತ್ತುಗಳು ಎಲುಬನ್ನು ತೆಳುವಾಗಿಸುತ್ತವೆಂದು ಆಮೇಲೆ ವಿಟಮಿನ್ ಡಿ ಮಟ್ಟ ನೋಡಿದರು. ಅದು ಕಡಿಮೆ ಇತ್ತು. ಈಗ ಅಳೆದು ತೂಗಿ, ರಕ್ತ ನೋಡುತ್ತ, ಅದೇ ವಿಟಮಿನ್ ಡಿ ಕೊಡುತ್ತಿದ್ದಾರೆ. ಅಮ್ಮ ಇದನ್ನು ತಮ್ಮ ಗೆಲುವೆಂದು ತಿಳಿದುಕೊಂಡಿದ್ದಾರೆ.

ಮಗಳು ಈಗ ದಿನಾ ಮಾತ್ರೆ ನುಂಗುವ ಹಂತದಲ್ಲಿದ್ದಾಳೆ, ಶಾಲೆಗೂ ಹೋಗುತ್ತಾಳೆ. ಬಿಡುಗಡೆಯ ಕಾಗದದಲ್ಲಿ ಒಂದು ಸಾಲನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೊಟ್ಟಿದ್ದರು: ಪಾಮಿಡ್ರೊನೇಟ್ ಕೊಡಲಾಗಿದೆ, ಹಲ್ಲು ಕೀಳಿಸುವ ಮೊದಲು ತಿಳಿಸಬೇಕು. ಆ ಗುಂಪಿನ ಔಷಧಗಳಿಂದ ದವಡೆಯ ಗಾಯ ಮಾಯದಿರುವುದು ದೊಡ್ಡವರಲ್ಲಿ ಉಂಟು, ಮಕ್ಕಳಲ್ಲಿ ತೀರಾ ಅಪರೂಪ. ಮೊನ್ನೆ ಅವಳ ಮೇಲಿನ ಹಾಲುಹಲ್ಲೊಂದು ಅಲುಗಾಡತೊಡಗಿತು. ನಾನು ಕಾಗದ ಹಿಡಿದು ಫೋನ್ ಮಾಡಿದೆ. ತಾನಾಗಿ ಬೀಳುವ ಹಲ್ಲಿಗೆ ಯಾರ ಅನುಮತಿಯೂ ಬೇಡ, ಆದರೆ ಬಿಳಿ ರಕ್ತಕಣ ಮತ್ತು ಪ್ಲೇಟ್‌ಲೆಟ್ ಎಷ್ಟಿದೆ ಎಂದು ಈ ವಾರವೇ ನೋಡಿಸಿ, ಅಷ್ಟರವರೆಗೆ ಅವಳು ನಾಲಿಗೆಯಲ್ಲಿ ತಳ್ಳುತ್ತ ಕೂರದಿರಲಿ ಎಂದರು ವೈದ್ಯೆ. ತಳ್ಳಬೇಡ ಎಂದು ಎಂಟು ಸಲ ಹೇಳಿಯಾಗಿದೆ. ಗುರುವಾರ ರಕ್ತ ಕೊಡಲು ಹೋಗಬೇಕು.